ಭಾಷಣದಕ್ಕನೂ ಹಲೋಚೆಕ್ಕನ ಮೈಕೂ

ಗಂಟಲ ಮೇಲೆ ಕತ್ತಿ ಇಟ್ಟವರು ಏನು ಕೇಳಿದರೂ ‘ಹ್ಞೂಂ’ ಅನ್ನಬೇಕು. ‘ಊಹ್ಞೂಂ’ ಎಂದು ತಲೆ ಅಲ್ಲಾಡಿಸಿದರೆ ನಷ್ಟ ತಲೆಗೇ. ಆ ಬೆಳಿಗ್ಗೆ ಹಲೋಚೆಕ್ಕ ಸೆಲೂನಿನ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಕೆನ್ನೆ ತುಂಬ ನೊರೆ ಹಚ್ಚಿಸಿಕೊಂಡು, ಕಣ್ಣು ಮುಚ್ಚಿ ‘ಹ್ಞೂಂ’ ಅಂದ. ಅವನು ಮಾಡಿದ ತಪ್ಪು ಅಷ್ಟೇ. ಮಿಕ್ಕಿದ್ದೆಲ್ಲ ತಾನಾಗಿಯೇ ಬಂದು ಅವನ ತಲೆಯ ಮೇಲೆ ಕೂತಿತು.

ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಊರಿಗೆಲ್ಲ ಮೈಕ್‌ಸೆಟ್ಟು ಬಾಡಿಗೆಗೆ ಕೊಡುವವನು ಅವನೊಬ್ಬನೇ. ಪ್ರತಿ ಸಭೆಗೂ ಮುಂಚೆ ‘ಹಲೋ ಚೆಕ್, ಹಲೋ ಹಲೋ ಚೆಕ್’ ಎಂದು ಅವನು ಮೈಕಿಗೆ ಹೇಳಿದ್ದನ್ನು ಊರು ಎಷ್ಟು ಸಲ ಕೇಳಿತ್ತೆಂದರೆ, ಕೊನೆಗೆ ಅದನ್ನೇ ಅವನ ಹೆಸರು ಮಾಡಿಬಿಟ್ಟಿತು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುವಳು.

ಅವನ ಅಂಗಡಿ ಇದ್ದದ್ದು ಆಸ್ಪತ್ರೆಗೆ ಹೋಗುವ ಇಕ್ಕಟ್ಟಾದ ಗಲ್ಲಿಯಲ್ಲಿ. ಗಲ್ಲಿಯ ಬಾಯಲ್ಲೇ ಮೊದಲು ಇವನದು, ಆಮೇಲೆ ಸೆಲೂನು, ಅದರಾಚೆ ಟೈಲರಿನದು, ಹೀಗೇ ಗೋಡೆಗೆ ಗೋಡೆ ತಾಗಿಕೊಂಡು ಒಂದು ಸಾಲು. ಮಹಡಿಯ ಮೇಲೆ ಸಂಸಾರ. ಈ ಸಾಲನ್ನು ಪೂರ್ತಿ ಕೆಡವಿ ಆಸ್ಪತ್ರೆಗೆ ಅಗಲವಾದ ರಸ್ತೆ ಮಾಡಬೇಕೆಂದು ನಗರಸಭೆ ಹೊರಟಿತ್ತು. ಬದಲಿಗೆ ಅಂಗಡಿ ಕೊಡುತ್ತಾರಂತೆ, ಊರಾಚೆ, ಇಟ್ಟಿಗೆ ಗೂಡಿನ ಹಿಂದೆ. ಅಲ್ಲಿಗೆ ಗಿರಾಕಿ ಬರುವುದಿರಲಿ, ದಾರಿ ತಪ್ಪಿದ ನಾಯಿಯೂ ಬರುವುದಿಲ್ಲ. ಅಂದು ಮಧ್ಯಾಹ್ನ ಮೈದಾನದಲ್ಲಿ ಸಭೆ. ಊರವರು ಕೈ ಎತ್ತಿದರೆ ಸಾಲು ಹೋಯಿತು, ಎತ್ತದಿದ್ದರೆ ಉಳಿಯಿತು. ಊರವರಿಂದ ಕೈ ಎತ್ತಿಸಲಿಕ್ಕೆಂದೇ ಅಧ್ಯಕ್ಷರು ಹೊರಗಿನಿಂದ ಒಬ್ಬ ಹೆಂಗಸನ್ನು ಕರೆಸಿದ್ದರು. ಅವಳನ್ನು ಎಲ್ಲ ಕಡೆ ಭಾಷಣದಕ್ಕ ಎಂದೇ ಕರೆಯುತ್ತಿದ್ದರು.

“ಅವಳು ಬಾಯಿ ಬಿಟ್ರೆ ಕಲ್ಲೂ ಕೈ ಎತ್ತುತ್ತಂತೆ,” ಎಂದ ಟೈಲರು, ಸೆಲೂನಿನ ಬೆಂಚಿನ ಮೇಲೆ ಕೂತಲ್ಲಿಂದ.

“ಎತ್ತಲಿ ಬಿಡು,” ಎಂದ ಸೆಲೂನಿನವನು, ಕತ್ತಿಯನ್ನು ಹಲೋಚೆಕ್ಕನ ಗಂಟಲ ಗುಳಿಯ ಹತ್ತಿರ ನಿಲ್ಲಿಸಿ. “ಮೈಕು ಯಾರ್ದು? ಇವನದು. ವೈರು ಯಾರ್ದು? ಇವನದು. ಅಂದ್ಮೇಲೆ ಅವಳ ಬಾಯಿ ಇರೋದೇ ಇವನ ಕೈಲಿ. ಏನೋ ಹಲೋಚೆಕ್ಕ, ಅವಳು ಮಾತಾಡುವಾಗ ಮೈಕು ಕೆಡಿಸ್ತೀಯಾ ಇಲ್ವಾ?”

“ಹ್ಞೂಂ,” ಅಂದ ಹಲೋಚೆಕ್ಕ.

“ಶಭಾಷ್! ಮೊದಲು ಒಂಚೂರು ಕೂಗಿಸಿ ನೋಡು. ಆಗ್ಲಿಲ್ವಾ, ನಾನು ಮುಂದಿನ ಸಾಲಲ್ಲೇ ಇರ್ತೀನಿ, ಹೆಗಲ ಮೇಲೆ ಈ ಬಿಳಿ ಬಟ್ಟೆ ಇರುತ್ತೆ. ನಾನು ಬಟ್ಟೆ ಎತ್ತಿದ ಕೂಡಲೇ ವೈರು ಎಳಿ. ಮುಂದಿನದು ನಂಗೆ ಬಿಡು.”

ಹಲೋಚೆಕ್ಕ ಮುಖ ತೊಳೆದುಕೊಂಡು ಹೊರಗೆ ಬಂದ ಮೇಲೆ ಅವನಿಗೆ ತಾನು ಒಪ್ಪಿಕೊಂಡದ್ದು ಏನೆಂದು ಹೊಳೆಯಿತು. ಅಯ್ಯೋ ಪಾಪ! ಬೇರೆ ಯಾರಿಗಾದರೂ ಇದು ಸುಲಭದ ಕೆಲಸ. ಇವನಿಗೆ ಮಾತ್ರ ಹೆತ್ತ ಮಗುವಿನ ಬಾಯಿ ಮುಚ್ಚಿದ ಹಾಗೆ. ಯಾಕೆಂದರೆ ಭಾಷಣವೆಂದರೆ ಹಲೋಚೆಕ್ಕನಿಗೆ ಪ್ರಾಣ. ವೇದಿಕೆಯ ಪಕ್ಕದಲ್ಲಿ, ಆಂಪ್ಲಿಫೈಯರ್ ಪೆಟ್ಟಿಗೆಯ ಹಿಂದೆ, ಮಡಚುವ ಕುರ್ಚಿಯ ಮೇಲೆ ಕೂತು ಅವನು ಕೇಳದ ಮಾತಿಲ್ಲ. ಯಾರು ನೀರು ಕುಡಿಯುವ ನೆಪದಲ್ಲಿ ಚಪ್ಪಾಳೆಗೆ ಜಾಗ ಬಿಡುತ್ತಾರೆ, ಯಾರು ಕನ್ನಡಕ ತೆಗೆದರೆ ಅಳುವ ಭಾಗ ಬಂತೆಂದು ತಿಳಿಯಬೇಕು, ಯಾರು ‘ಕೊನೆಯದಾಗಿ’ ಎಂದ ಮೇಲೆ ಇನ್ನೂ ಅರ್ಧ ಗಂಟೆ ಎಳೆಯುತ್ತಾರೆ, ಎಲ್ಲ ಅವನಿಗೆ ಬಾಯಿಪಾಠ. ಭಾಷಣದಕ್ಕನ ಹೆಸರು ಅವನು ಎಷ್ಟೋ ಕಾಲದಿಂದ ಕೇಳಿದ್ದ. ಒಂದು ಸಲವಾದರೂ ಆಕೆ ತನ್ನ ಮೈಕಿನಲ್ಲಿ ಮಾತಾಡಬೇಕು ಎಂಬುದು ಅವನ ಬಾಳಿನ ಆಸೆ. ಆ ಆಸೆ ಕೈಗೂಡುವ ದಿನವೇ ವೈರು ಎಳೆಯುವ ಕರ್ಮ ಹಣೆಗೆ ಅಂಟಿಕೊಂಡಿತು.

ಹೆಂಡತಿ ಊಟಕ್ಕೆ ಬಡಿಸುತ್ತಾ ಹೇಳಿದಳು: “ಅಂಗಡಿ ಹೋದ್ರೆ ಮನೆನೂ ಹೋಯ್ತು, ನೆನಪಿರ್ಲಿ. ನಿಮ್ಮ ಗುಣ ನಂಗೊತ್ತಿಲ್ವಾ? ಅವಳ ಮಾತು ಕೇಳ್ತಾ ಬಾಯಿ ಬಿಟ್ಕೊಂಡು ಕೂತ್ಕೋಬೇಡಿ.”

“ನಾನ್ಯಾಕೆ ಬಾಯಿ ಬಿಡ್ಲಿ?” ಎಂದ ಹಲೋಚೆಕ್ಕ. ತಟ್ಟೆ ಸರಿಸಿ ಎದ್ದ.

ಮೈದಾನಕ್ಕೆ ಹೋಗಿ ಮೊದಲು ಮಾಡಿದ ಕೆಲಸವೆಂದರೆ ಕಂಬದ ಮೇಲಿನ ಒಂದು ಲೌಡ್‌ಸ್ಪೀಕರ್ ಹಾರ್ನನ್ನು ಸೀದಾ ವೇದಿಕೆಯ ಮೈಕಿನ ಕಡೆಗೆ ತಿರುಗಿಸಿ ಕಟ್ಟಿದ್ದು. ಹೀಗೆ ಕಟ್ಟಿದರೆ ಮೈಕು ತನ್ನ ದನಿಯನ್ನು ತಾನೇ ಕೇಳಿ ಕಿರುಚಿಕೊಳ್ಳುತ್ತದೆ. ಹೊಸಬ ಕಟ್ಟಿದರೆ ತಪ್ಪಿ ಹಾಗಾಗುತ್ತದೆ. ಬೇಕೆಂದೇ ಹಾಗೆ ಕಟ್ಟಬೇಕಾದರೆ ಕೈ ಕಟುಕನದಾಗಿರಬೇಕು. ಇವನು ಗಂಟನ್ನು ಎರಡು ಸಲ ಬಿಚ್ಚಿ ಮತ್ತೆ ಕಟ್ಟಿದ.

ಜನ ಆಗಲೇ ಒಬ್ಬೊಬ್ಬರಾಗಿ ಬರತೊಡಗಿದ್ದರು. ಅವರ ನಡುವೆ ಒಬ್ಬಳು ಹೆಂಗಸು ಬಂದಳು. ಸಣ್ಣ ಆಳು, ಅರ್ಧ ನರೆತ ತಲೆ, ಹೆಗಲಿಗೆ ಒಂದು ಬಟ್ಟೆ ಚೀಲ. ವೇದಿಕೆ ಹತ್ತಲಿಲ್ಲ. ಮೈದಾನದ ಸುತ್ತ ನಡೆದಳು, ಕೊನೆಯ ಸಾಲಿನ ಒಂದು ಕುರ್ಚಿಯಲ್ಲಿ ಕೂತು ನೋಡಿದಳು, ಆಮೇಲೆ ಎದ್ದು ಅವನ ಹತ್ತಿರವೇ ಬಂದಳು.

“ಅಣ್ಣಾ, ಆ ಹಾರ್ನು ಸ್ವಲ್ಪ ಹಿಂದಕ್ಕೆ ತಿರುಗಿಸ್ತೀಯಾ? ಕೊನೇ ಸಾಲಲ್ಲಿ ಒಬ್ರು ಮುದುಕರು ಕೂತಿದ್ದಾರೆ. ಪಾಪ, ಅವರಿಗೂ ಕೇಳಿಸ್ಬೇಕಲ್ವಾ?”

ಭಾಷಣದಕ್ಕ! ಹಲೋಚೆಕ್ಕನ ಎದೆ ಹೂವಾಯಿತು. ಇಷ್ಟು ವರ್ಷದಲ್ಲಿ ಎಷ್ಟೋ ಮಂದಿ ‘ನನ್ನ ದನಿ ಜೋರಾಗಿ ಬರ್ಲಿ’ ಎಂದು ಗದರಿದ್ದರು, ಆದರೆ ಕೊನೆಯ ಸಾಲಿನ ಮುದುಕನ ಬಗ್ಗೆ ಯಾರೂ ವಿಚಾರಿಸಿರಲಿಲ್ಲ. ಅವನು ಸರಸರನೆ ಕಂಬ ಹತ್ತಿ ಹಾರ್ನು ತಿರುಗಿಸಿಬಿಟ್ಟ. ಇಳಿದ ಮೇಲೆ ಸೆಲೂನಿನವನ ಕಣ್ಣು ಕಂಡಿತು. ಆ ಕಣ್ಣಿನಲ್ಲೂ ಒಂದು ಕತ್ತಿ ಇತ್ತು.

ಸಭೆ ಶುರುವಾಯಿತು. ಮೊದಲು ಅಧ್ಯಕ್ಷರು ಕಾಗದ ಹಿಡಿದು ನಿಂತರು. ರಸ್ತೆಯ ಉದ್ದ, ಅಗಲ, ಚರಂಡಿಯ ಆಳ ಎಲ್ಲ ಓದಿದರು. ಮುಂದಿನ ಸಾಲಿನವರು ಆಕಳಿಸಿದರು, ಹಿಂದಿನ ಸಾಲಿನವರು ಊರ ಸುದ್ದಿ ಮಾತಾಡಿಕೊಂಡರು. ಎರಡನೆಯ ಪುಟ ತಿರುವಿ ಮತ್ತೆ ಮೊದಲನೆಯದನ್ನೇ ಓದಿದಾಗಲೂ ಯಾರಿಗೂ ಗೊತ್ತಾಗಲಿಲ್ಲ, ಅಧ್ಯಕ್ಷರಿಗೂ.

ಆಮೇಲೆ ಗಲ್ಲಿಯವರ ಪರವಾಗಿ ಸೆಲೂನಿನವನು. ಕತ್ತರಿ ಕೈಯಲ್ಲಿದ್ದರೆ ಊರನ್ನೇ ಆಡಿಸುವ ಬಾಯಿ ಅದು. ಮೈಕಿನ ಎದುರು ನಿಂತದ್ದೇ ತಡ, ನಾಲಿಗೆ ಒಣಗಿ ಅಂಗುಳಿಗೆ ಅಂಟಿತು. ಜನರನ್ನು ಆ ಕಡೆಯಿಂದ ಈ ಕಡೆಗೆ ನೋಡಿದ. ಬೆವರು ಒರೆಸಿಕೊಂಡ. ಕೊನೆಗೆ ರೂಢಿಯಲ್ಲಿದ್ದ ಮಾತೊಂದು ತಾನಾಗಿ ಬಾಯಿಂದ ಉದುರಿತು:

“ಮುಂದಿನವರು ಯಾರು?”

ಮೈದಾನವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸೆಲೂನಿನವನು ಇಂಗು ತಿಂದ ಮಂಗನ ಹಾಗೆ ಇಳಿದುಬಂದು, ಮುಂದಿನ ಸಾಲಿನಲ್ಲಿ ಕೂತು, ಹೆಗಲ ಬಟ್ಟೆಯನ್ನು ಬೆರಳಿನಿಂದ ತಟ್ಟಿ ಹಲೋಚೆಕ್ಕನಿಗೆ ತೋರಿಸಿದ. ಇನ್ನೇನಿದ್ದರೂ ನೀನೇ ಗತಿ ಎಂದು ಅರ್ಥ.

ಭಾಷಣದಕ್ಕ ಎದ್ದಳು. ಮೈಕು ಕೈಗೆ ತೆಗೆದುಕೊಂಡಳು. ಮಾತು ಶುರು ಮಾಡಲಿಲ್ಲ. ಸುಮ್ಮನೆ ನಿಂತಳು. ಯಾರೋ ಕೆಮ್ಮಿದರು, ಅವರ ಕೆಮ್ಮು ಮುಗಿಯುವ ತನಕ ಕಾದಳು. ಆ ಮೌನಕ್ಕೇ ಹಲೋಚೆಕ್ಕನ ಮೈ ಜುಂ ಅಂದಿತು. ಅವನು ಮನಸ್ಸು ಗಟ್ಟಿ ಮಾಡಿ ಆಂಪ್ಲಿಫೈಯರಿನ ಒಂದು ತಿರುಪು ತಿರುಗಿಸಿದ. ಹಾಗೆ ತಿರುಗಿಸಿದರೆ ಎಂಥ ದನಿಯೂ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಬರುತ್ತದೆ. ಮೊದಲ ಮಾತು ಹಾಗೇ ಬಂತು. ಅಕ್ಕ ಒಂದು ಸಲ ಮೇಲೆ ಹಾರ್ನಿನ ಕಡೆ ನೋಡಿದಳು, ಮೈಕನ್ನು ಒಂದು ಗೇಣು ಕೆಳಗಿಳಿಸಿ ದನಿಯನ್ನು ಹೊಟ್ಟೆಯೊಳಗಿಂದ ತೆಗೆದಳು. ಸೊಳ್ಳೆ ಹೋಯಿತು, ಗುಡುಗು ದೂರದಲ್ಲಿ ಮಗ್ಗುಲು ಬದಲಿಸಿದ ಹಾಗೆ ಕೇಳಿಸಿತು. ಇಂಥ ದನಿಗೆ ನಾನು ಕೊರತೆ ಮಾಡಲೇ ಎಂದುಕೊಳ್ಳುವಷ್ಟರಲ್ಲಿ ಹಲೋಚೆಕ್ಕನ ಕೈ ತಾನಾಗಿ ತಿರುಪನ್ನು ಸರಿಯಾದ ಜಾಗಕ್ಕೆ ತಂದು ಕೂರಿಸಿತ್ತು. ಕಸುಬಿನ ಕೈ, ಯಜಮಾನನ ಮಾತು ಕೇಳುವುದಿಲ್ಲ.

“ಈ ಗಲ್ಲೀನ ನಾನು ಬೆಳಿಗ್ಗೆ ನೋಡ್ಕೊಂಡ್ ಬಂದೆ,” ಎಂದಳು ಅಕ್ಕ. “ಅಲ್ಲಿ ಒಂದು ಸೆಲೂನಿದೆ. ಅಲ್ಲಿ ತಲೆ ಕೊಡದ ಗಂಡಸು ಈ ಊರಲ್ಲಿ ಯಾರಾದ್ರೂ ಇದ್ದೀರಾ? ಅಲ್ಲೊಬ್ರು ಟೈಲರಿದ್ದಾರೆ. ನೀವು ಮೊದಲ ದಿನ ಕೆಲಸಕ್ಕೆ ಹೋಗುವಾಗ ಹಾಕ್ಕೊಂಡ ಅಂಗಿ ಯಾರು ಹೊಲಿದದ್ದು? ಆ ಜನ ಪರಕೀಯರಲ್ಲ. ನಿಮ್ಮ ಮೈ ಅಳತೆ ನಿಮ್ಮ ತಾಯಿಗಿಂತ ಚೆನ್ನಾಗಿ ಬಲ್ಲವರು.”

ನೋಡಿ ಇದರ ಜಾಣ್ಮೆ! ಅಂಗಡಿ ಕೆಡವಲು ಬಂದವಳು ಅಂಗಡಿಯವರನ್ನು ಹೊಗಳುತ್ತಿದ್ದಾಳೆ. ಬಯ್ಯುತ್ತಾಳೆಂದು ಮುಷ್ಟಿ ಬಿಗಿದು ಕೂತಿದ್ದ ಟೈಲರಿನ ಮುಷ್ಟಿ ಬಿಚ್ಚಿತು. ಸೆಲೂನಿನವನ ಎದೆ ಉಬ್ಬಿ ಅಂಗಿಯ ಗುಂಡಿ ಎಳೆಯಿತು. ಎದುರಾಳಿಯ ಮನೆ ಬಾಗಿಲನ್ನು ಒದೆಯದೆ, ಒಳಗಿನವರೇ ತೆರೆದು ‘ಬಾ ಅಕ್ಕಾ’ ಅನ್ನುವಂತೆ ಮಾಡುವುದೆಂದರೆ ಇದು. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಆಮೇಲೆ ಅಕ್ಕ ಒಂದು ಕತೆ ತೆಗೆದಳು. ಯಾವುದೋ ಊರಿನ ಕತೆಯಲ್ಲ, ಇದೇ ಗಲ್ಲಿಯಲ್ಲಿ ಹೋದ ತಿಂಗಳು ನಡೆದದ್ದು. ಹೆರಿಗೆ ನೋವು ಬಂದ ಒಬ್ಬಳು ಚಿಕ್ಕ ಹುಡುಗಿ, ಪಕ್ಕದಲ್ಲಿ ಅವಳ ಅತ್ತೆ, ಕೂಗುತ್ತಾ ಬಂದ ಆಂಬುಲೆನ್ಸು. ಅತ್ತೆ ಸೊಸೆಯ ಕೈ ಹಿಡಿದು, ‘ಇನ್ನೇನು ಬಂದೇಬಿಡ್ತು ಮಗಳೇ, ಆಸ್ಪತ್ರೆ ಬಂದೇಬಿಡ್ತು’ ಎಂದು ಸಮಾಧಾನ ಮಾಡುತ್ತಿದ್ದಾಳೆ. ಅಕ್ಕನ ದನಿ ತಗ್ಗುತ್ತಾ ಬಂತು. ಮೈದಾನ ಮುಂದಕ್ಕೆ ಬಾಗುತ್ತಾ ಬಂತು.

ಹಲೋಚೆಕ್ಕನ ಬಲಗೈ ವೈರಿನ ಪ್ಲಗ್ಗಿನ ಮೇಲಿತ್ತು. ಬಾಯಿ ಮಾತ್ರ ಹೆಂಡತಿ ಹೇಳಿದ ಹಾಗೇ ತೆರೆದುಕೊಂಡಿತ್ತು. ‘ದೇವರೇ, ಅವನು ಬಟ್ಟೆ ಎತ್ತದೇ ಇರಲಿ. ಈ ಮಾತೊಂದು ಮುಗಿಯಲಿ’ ಎಂದು ಬೇಡಿಕೊಳ್ಳುತ್ತಿದ್ದ.

“ಗಾಡಿ ಬಂತು,” ಎಂದಳು ಅಕ್ಕ. “ಗಲ್ಲಿಯ ಬಾಯಿಗೆ ಬಂತು...” ನಿಂತಳು. ವೇದಿಕೆಯ ಪಕ್ಕಕ್ಕೆ ಒಂದು ಸಲ ನೋಡಿದಳು. “ಬಂತು... ಗಲ್ಲಿಯ ಬಾಯಿಗೇ ಬಂತು...”

ಆಹಾ, ಏನು ಎಳೆತ! ಎಷ್ಟು ತಾಳ್ಮೆ! ಹಲೋಚೆಕ್ಕ ಕಣ್ಣು ತುಂಬಿಕೊಂಡು ಮುಂದಿನ ಸಾಲಿನ ಕಡೆ ನೋಡಿದ. ಸೆಲೂನಿನವನು ಹೆಗಲ ಮೇಲಿನ ಬಿಳಿ ಬಟ್ಟೆಯನ್ನು ಎತ್ತಿದ!

ಕೊಟ್ಟ ಮಾತು ಮಾತೇ. ಹಲೋಚೆಕ್ಕ ಕಣ್ಣು ಮುಚ್ಚಿ ಪ್ಲಗ್ಗು ಎಳೆದ.

ದನಿ ಕತ್ತರಿಸಿದ ಹಾಗೆ ನಿಂತಿತು. ಕಣ್ಣು ತೆರೆದು ನೋಡಿದರೆ ಸೆಲೂನಿನವನು ಆ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಅವನಿಗೆ ಸನ್ನೆಯೂ ನೆನಪಿರಲಿಲ್ಲ, ಸೆಲೂನೂ ನೆನಪಿರಲಿಲ್ಲ.

ಭಾಷಣದಕ್ಕ ಗಾಬರಿಯಾಗಲಿಲ್ಲ. ‘ಹಲೋ ಹಲೋ’ ಎಂದು ಮೈಕಿನ ತಲೆಗೆ ಬಡಿಯಲಿಲ್ಲ. ಸತ್ತ ಮೈಕನ್ನು ಹಿಡಿದುಕೊಂಡು ನಿಂತೇ ಇದ್ದಳು. ಎಲ್ಲರೂ ಮುಂದೇನಾಯಿತೆಂದು ಕತ್ತು ಚಾಚಿದರು. ಅವಳು ಮೆಟ್ಟಿಲಿಳಿದು ಜನರ ನಡುವೆ ಬಂದಳು. ಅಳುವ ಕೂಸುಗಳ ಬಾಯಿಗೆ ತಾಯಂದಿರು ಕೈ ಇಟ್ಟರು. ಅವಳು ಪಿಸುಮಾತಿಗಿಂತ ಚೂರೇ ಜೋರಾಗಿ ಹೇಳಿದಳು:

“ನಿಂತೋಯ್ತು. ಅಲ್ವಾ? ನಿಮಗೆಲ್ಲ ಮುಂದೇನಾಯ್ತು ಅಂತ ಜೀವ ಬಾಯಿಗೆ ಬಂದಿದೆ. ಅವತ್ತು ಆ ಗಾಡೀನೂ ಹೀಗೇ ನಿಂತೋಯ್ತು. ಒಳಗಿದ್ದೋಳಿಗೂ ಹೀಗೇ ಆಗಿತ್ತು.”

ಅಷ್ಟೇ. ಆ ಹುಡುಗಿ ಬದುಕಿದಳೋ ಇಲ್ಲವೋ ಹೇಳಲಿಲ್ಲ. “ಮುಂದೇನಾಗ್ಬೇಕು ಅನ್ನೋದು ನಿಮ್ಮ ಕೈಲಿದೆ,” ಎಂದು ತನ್ನ ಕೈಯನ್ನು ಮೆಲ್ಲಗೆ ಮೇಲೆತ್ತಿದಳು.

ಇಡೀ ಮೈದಾನ ಕೈ ಎತ್ತಿತು. ಕೊನೆಯ ಸಾಲಿನ ಮುದುಕ ಕೋಲು ಎತ್ತಿದ. ಟೈಲರು ಎತ್ತಿದ. ಸೆಲೂನಿನವನು ಬಟ್ಟೆ ಸಮೇತ ಎರಡೂ ಕೈ ಎತ್ತಿದ. ಹೆಂಗಸರ ಸಾಲಿನಲ್ಲಿ ಹಲೋಚೆಕ್ಕನ ಹೆಂಡತಿ ಒಂದು ಕೈಯಲ್ಲಿ ಕಣ್ಣೊರೆಸುತ್ತಾ ಇನ್ನೊಂದನ್ನು ಎತ್ತಿದ್ದಳು. ಯಾರೂ ಉಳಿಯಲಿಲ್ಲವಲ್ಲ ಎಂದು ಹಲೋಚೆಕ್ಕ ಸುತ್ತ ನೋಡಿ, ಕೊನೆಗೆ ತನ್ನ ತಲೆಯ ಮೇಲೆ ನೋಡಿದ. ಅಲ್ಲೊಂದು ಕೈ ಇತ್ತು, ಅದರಲ್ಲಿ ಪ್ಲಗ್ಗು ಇತ್ತು. ಬೆಚ್ಚಿಬಿದ್ದು ಇಳಿಸಿದ.

“ಪಾಸಾಯ್ತು! ಪಾಸಾಯ್ತು!” ಎಂದು ಅಧ್ಯಕ್ಷರು ಬರಿಯ ಗಂಟಲಿನಲ್ಲಿ ಕೂಗುತ್ತಿದ್ದರು. ಯಾರಿಗೂ ಕೇಳಿಸುತ್ತಿರಲಿಲ್ಲ. ಅಂಗಡಿ ಹೋಯಿತು, ಮನೆ ಹೋಯಿತು, ಅದು ಬೇರೆ ಮಾತು. ತನ್ನ ಮೈಕು ಹೆಣದ ಹಾಗೆ ಬಾಯಿ ಮುಚ್ಚಿರುವುದನ್ನು ಮಾತ್ರ ಹಲೋಚೆಕ್ಕನಿಂದ ನೋಡಲಾಗಲಿಲ್ಲ. ಕಣ್ಣೊರೆಸಿಕೊಂಡು ಪ್ಲಗ್ಗನ್ನು ಮತ್ತೆ ಸಿಕ್ಕಿಸಿದ.

ಅಷ್ಟು ಹೊತ್ತಿಗೆ ಭಾಷಣದಕ್ಕ ಮೈಕು ಹಿಂದಕ್ಕೆ ಕೊಡಲು ಅವನ ಪೆಟ್ಟಿಗೆಯ ಹತ್ತಿರ ಬಂದಿದ್ದಳು. ಮುಖ ಅರಳಿತ್ತು.

“ಎಲ್ಲಿದ್ಯಪ್ಪಾ ನೀನು ಇಷ್ಟು ದಿನ?” ಎಂದಳು. “ಎಲ್ಲಿ ಹೋದ್ರೂ ಮಾತಿನ ನಡುವೆ ಮೈಕು ನಿಲ್ಲಿಸೋಕೆ ನಮ್ಮ ಭಾವನ್ನ ಜೊತೆಗೆ ಕರ್ಕೊಂಡ್ ಬರ್ತೀನಿ. ಇವತ್ತು ಬಸ್ಸು ತಪ್ಪಿಸ್ಕೊಂಡ, ಪುಣ್ಯಾತ್ಮ. ಅದು ಮರೆತು ರೂಢಿ ಮೇಲೆ ಕತೆ ಶುರು ಮಾಡ್ಬಿಟ್ಟೆ. ‘ಬಂತು ಬಂತು’ ಅಂತ ನಾನೆಷ್ಟು ಸಲ ಹೇಳ್ಲಿ? ಗಾಡಿ ಆಸ್ಪತ್ರೆ ಒಳಗೇ ಹೋಗಿಬಿಡೋದು! ಇನ್ನೇನು ಕೆಟ್ಟೆ ಅನ್ನೋಷ್ಟರಲ್ಲಿ ನಿಲ್ಲಿಸಿದ್ಯಲ್ಲ, ಏನು ಲೆಕ್ಕಾಚಾರ! ನಮ್ಮ ಭಾವ ಯಾವತ್ತೂ ಎರಡು ಮಾತು ತಡ.”

ಅವಳ ಒಂದೊಂದು ಮಾತೂ ಒಂದು ಉಸಿರು ತಡವಾಗಿ ಮೇಲಿನಿಂದ ಮತ್ತೊಮ್ಮೆ ಕೇಳಿಬರುತ್ತಿತ್ತು. ಹಲೋಚೆಕ್ಕ ತಲೆಯೆತ್ತಿ ಹಾರ್ನುಗಳನ್ನು ನೋಡಿದ.

“ಅಯ್ಯೋ ಅಕ್ಕಾ, ಮೈಕು ಆನ್ ಆಗಿದೆ!” ಎಂದ. ಹಾರ್ನುಗಳು ಅದನ್ನೂ ಊರಿಗೆಲ್ಲ ಹೇಳಿದವು.

ಮೈದಾನದ ಗದ್ದಲ ನಿಂತುಹೋಯಿತು. ಸೆಲೂನಿನವನ ಮುಖದಿಂದ ಬಟ್ಟೆ ಜಾರಿತು. ಅಧ್ಯಕ್ಷರು ಕಾಗದದ ಹಿಂದೆ ಅಡಗಿದರು. ಮುಗಿಯಿತು, ಅಕ್ಕನ ಕತೆಯೂ ಮುಗಿಯಿತು, ನನ್ನದೂ ಮುಗಿಯಿತು ಎಂದುಕೊಂಡ ಹಲೋಚೆಕ್ಕ. ಆದರೆ ಅವನ ಹೊಟ್ಟೆಯೊಳಗೆ ಒಂದು ಸಣ್ಣ ಆಸೆಯೂ ಮಿಣುಕಿತು: ಜನ ಈಗ ರೊಚ್ಚಿಗೆದ್ದು ಎತ್ತಿದ ಕೈ ಇಳಿಸಿದರೆ? ಅಂಗಡಿ ಉಳಿದುಬಿಟ್ಟರೆ?

ಭಾಷಣದಕ್ಕ ಒಂದು ಗಳಿಗೆ ಮೈಕನ್ನೇ ನೋಡಿದಳು. ಆಮೇಲೆ ಜನರ ಕಡೆ ತಿರುಗಿದಳು.

“ಕೇಳಿಸ್ತಾ ಎಲ್ರಿಗೂ? ಒಳ್ಳೇದೇ ಆಯ್ತು. ಹೌದು, ನಾನು ಮೈಕು ನಿಲ್ಲಿಸಿ ಮಾತಾಡೋಳೇ. ದೂರದಿಂದ ಕೂಗಿದ್ರೆ ಕಿವಿಗೆ ಮುಟ್ಟುತ್ತೆ, ಹತ್ರ ಬಂದು ಹೇಳಿದ್ರೆ ಎದೆಗೆ ಮುಟ್ಟುತ್ತೆ. ಮೈಕು ನಿಂತಿದ್ದು ನಾಟಕ ಇರ್ಬೋದು. ಗಾಡಿ ನಿಂತಿದ್ದು ನಾಟಕನಾ?”

“ಅಲ್ಲಾ!” ಎಂದಿತು ಮೈದಾನ.

“ಆದ್ರೆ ಇವತ್ತು ಮೈಕು ನಿಲ್ಲಿಸಿದ್ದು ನಾನಲ್ಲ. ಈ ಮನುಷ್ಯ. ನಾನು ಹೇಳಿರ್ಲಿಲ್ಲ, ಇವರ ಹೆಸರೂ ನಂಗೊತ್ತಿಲ್ಲ. ಅಣ್ಣಾ, ನಿಮ್ಮ ಅಂಗಡಿ ಎಲ್ಲಿ?” ಎಂದು ಮೈಕನ್ನು ಅವನ ಮೂತಿಗೆ ಹಿಡಿದಳು.

“ಗ... ಗಲ್ಲಿ ಬಾಯಲ್ಲೇ,” ಎಂದ ಹಲೋಚೆಕ್ಕ. “ಮೊದಲನೇದು.”

ಅಕ್ಕ ಆ ಮಾತು ಇಡೀ ಮೈದಾನ ಸುತ್ತಿ ಬರುವ ತನಕ ಕಾದಳು.

“ಮೊದಲನೇದು,” ಎಂದಳು ಮೆಲ್ಲಗೆ. “ಕೆಡವೋಕೆ ಬಂದ್ರೆ ಮೊದಲ ಪೆಟ್ಟು ಇವರ ಗೋಡೆಗೇ. ಆದ್ರೂ ನನ್ನ ಮಾತು ನಿಮ್ಮ ಎದೆಗೆ ಮುಟ್ಲಿ ಅಂತ ತಮ್ಮ ಮೈಕನ್ನ ತಾವೇ ಕೆಡಿಸ್ಕೊಂಡ್ರು. ಇಂಥ ಮನುಷ್ಯ ನಿಮ್ಮೂರಲ್ಲಿ, ಒಂದು ಪೆಟ್ಟಿಗೆ ಹಿಂದೆ ಸುಮ್ನೆ ಕೂತಿದ್ದ. ನೀವು ನೋಡೇ ಇರ್ಲಿಲ್ಲ.”

ಚಪ್ಪಾಳೆ ಎಂದರೆ ಚಪ್ಪಾಳೆ! ತನ್ನ ಹಾರ್ನುಗಳ ಕೆಳಗೆ ಅಂಥ ಚಪ್ಪಾಳೆಯನ್ನು ಹಲೋಚೆಕ್ಕ ಕೇಳಿರಲೇ ಇಲ್ಲ. ನಿಜ ಹೇಳಬೇಕೆಂದರೆ ಅವನ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು. ‘ಛೇ, ಎಂಥ ದೊಡ್ಡ ಮನುಷ್ಯ!’ ಎಂದುಕೊಂಡ. ಅದು ತಾನೇ ಎಂದು ಹೊಳೆಯುವ ಹೊತ್ತಿಗೆ ಜನ ಅವನನ್ನು ಹೆಗಲ ಮೇಲೆ ಎತ್ತಿಕೊಂಡಿದ್ದರು. ಅಧ್ಯಕ್ಷರು ಮೈಕು ಕಸಿದುಕೊಂಡು, ನಾಳೆ ಬೆಳಿಗ್ಗೆಯೇ ಕೆಲಸ ಶುರು, ಮೊದಲನೇ ಅಂಗಡಿಗೆ ಮೊದಲ ಹಾರೆಯ ಪೆಟ್ಟು ಹಾಕುವ ಗೌರವ ಈ ಮಹಾನುಭಾವರದೇ ಎಂದು ಸಾರಿಬಿಟ್ಟರು. “ಬೇಗ ಬಂದು ನೀವೇ ಮೈಕೂ ಕಟ್ಟಿಬಿಡಿ,” ಎಂದೂ ಸೇರಿಸಿದರು.

ಅವನ ಎಡಗಾಲು ಹೊತ್ತಿದ್ದವನು ಸೆಲೂನಿನವನೇ. “ಲೋ, ನೀನು ಅವಳ ಕಡೆಯವನೇನೋ?” ಎಂದು ಕೆಳಗಿನಿಂದ ಹಲ್ಲು ಕಚ್ಚಿದ.

“ಬಟ್ಟೆ ಎತ್ತಿದ್ದು ನೀನೇ ತಾನೇ?”

“ನಾನು ಕಣ್ಣೊರೆಸ್ಕೊಂಡೆ ಕಣೋ ಕತ್ತೆ!”

ಜೈಕಾರದಲ್ಲಿ ಅವರ ಜಗಳ ಯಾರಿಗೂ ಕೇಳಿಸಲಿಲ್ಲ.

ಮನೆಯಲ್ಲಿ ಹೆಂಡತಿ ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ಅವನನ್ನು ನೋಡಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

“ಈಗ ಹೇಳಿ. ಯಾಕೆ ಹೀಗೆ ಮಾಡಿದ್ರಿ?”

ನಡೆದದ್ದನ್ನು ನಡೆದ ಹಾಗೆ ಹೇಳಿಬಿಡಬೇಕೆಂದೇ ಹಲೋಚೆಕ್ಕ ಬಾಯಿ ತೆರೆದ. ಆದರೆ ಕಿವಿಯಲ್ಲಿ ಚಪ್ಪಾಳೆ ಇನ್ನೂ ಮೊರೆಯುತ್ತಿತ್ತು. ಒಂದು ಗಳಿಗೆ ಮೌನವಾಗಿ ನಿಂತ. ದನಿಯನ್ನು ಹೊಟ್ಟೆಯೊಳಗಿಂದ ತೆಗೆದ.

“ನೋಡೇ, ಆ ಗಾಡೀಲಿ ಇದ್ದೋಳು ನಮ್ಮ ಮಗಳೇ ಆಗಿದ್ದಿದ್ರೆ... ಊರಿಗಾಗಿ ಮೊದಲನೇ ಗೋಡೆ... ಮೊದಲನೇದು...”

“ಊರಿಗೆ ಉಪಕಾರಿ, ಮನೆಗೆ ಮಾರಿ!” ಎಂದಳು ಹೆಂಡತಿ. “ಇದೇ ಮಾತು ಅವಳು ಹೇಳಿದಾಗ ಕಣ್ಣಿಗೆ ನೀರು ಬಂತು. ನೀವು ಹೇಳಿದ್ರೆ ಕೈಗೆ ಪೊರಕೆ ಬರ್ತಿದೆ. ಬಾಯಿ ಮುಚ್ಕೊಂಡು ಪೆಟ್ಟಿಗೆಯ ಆ ತುದಿ ಹಿಡೀರಿ.”